ಸೀಟ್ ಬೆಲ್ಟಿನ ಬುಡದಲ್ಲಿ

ಫ್ಲೋಸಿ ಬಾಯಮ್ಮ ಕೇಳಿದ್ದು ಒಂದೇ ಪ್ರಶ್ನೆ:
"ಯಾವ ವರ್ಷದ್ದು ಒಳ್ಳೇದು, ಖಾರ್ವಿ?"
ರೋಲಾದಲ್ಲಿ ಟ್ಯಾಕ್ಸಿ ಹತ್ತುವಾಗ ಒಮ್ಮೆ,
ಮೀಟರು ಮೂವತ್ತು ದಾಟಿದಾಗ ಇನ್ನೊಮ್ಮೆ.
ಸಜಾದ ಕ್ಯಾಂಪುಗಳಿಗೆ ದಿನಾ ನೂರೆಂಬತ್ತು ಊಟ,
ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು.
ಬಾಡಿಗೆ ವ್ಯಾನಿನವ ಕೈಕೊಟ್ಟು ತಿಂಗಳಾಯಿತು.
ತೊಡೆಯ ಮೇಲೆ ಹದಿನೇಳು ಸಾವಿರ ದಿರ್ಹಮು,
ಅಕ್ಕಿಯ ಖಾಲಿ ಚೀಲದಲ್ಲಿ ಸುತ್ತಿ.

ಶಾರ್ಜಾದ ಹರಾಜು ಸೂಕು, ಶುಕ್ರವಾರದ ಸಂಜೆ.
ಬಿಸಿಲು ಇಳಿದರೂ ಬಾನೆಟ್ಟು ಮುಟ್ಟುವಂತಿಲ್ಲ.
ಸಾಲಾಗಿ ನಿಂತಿವೆ ಪಿಕಪ್ಪುಗಳು,
ಮಳೆಗಾಲಕ್ಕೆ ದಡಕ್ಕೆಳೆದ ದೋಣಿಗಳ ಹಾಗೆ,
ಒಂದೊಂದರ ಗಾಜಿನ ಮೇಲೂ ಬಿಳಿ ಬಣ್ಣದ ಅಂಕಿ:
೨೦೦೯. ೨೦೧೪. ೨೦೧೨, ಫುಲ್ ಕಂಡೀಶನ್.

ಪೇಶಾವರದ ಗುಲ್ ಜಮಾನ್ ಚಾ ತರಿಸಿದ.
"ಹನ್ನೆರಡರದ್ದು ತಗೊಳ್ಳಿ. ಗಾಡಿಯಲ್ಲ ಇದು, ಗೂಳಿ."
ಮುಲ್ಕಿಯಾ ಬಿಡಿಸಿ ತೋರಿಸಿದ, ಸೀಲು, ಸಹಿ.
ನಾನು ಕಾಗದ ನೋಡಲಿಲ್ಲ.
ಬಾಗಿಲು ತೆಗೆದು ಸೀಟ್ ಬೆಲ್ಟನ್ನು
ಬುಡದವರೆಗೆ ಹೊರಗೆಳೆದೆ.
ಅಲ್ಲೊಂದು ಚೀಟಿ ಹೊಲಿದಿರುತ್ತದೆ,
ಅಂಗಿಯ ಕಾಲರಿನ ಹಿಂದಿನದರಂತೆ;
ಬೆವರು ತಾಗದ ಜಾಗ,
ತಿದ್ದುವವನಿಗೂ ನೆನಪಾಗದ ಜಾಗ.
ಅದರಲ್ಲಿ ಇದ್ದದ್ದು ೨೦೦೯.

"ಮೂರು ವರ್ಷ ಎಲ್ಲಿ ಹೋಯಿತು?" ಎಂದೆ.
ಗುಲ್ ಜಮಾನ್ ಆಕಾಶ ನೋಡಿದ.
ಮೇಲೆ ವಿಮಾನವೊಂದು
ಕಾಲು ಮಡಚಿಕೊಳ್ಳುತ್ತಿತ್ತು.

ಹದಿನಾಲ್ಕರದ್ದು ಮದುಮಗನಂತೆ ಹೊಳೆಯುತ್ತಿತ್ತು.
ಅಡಿಯಲ್ಲಿ ಅಂಗಾತ ಮಲಗಿ ಚಾಸಿಗೆ ಬೆರಳೊರೆಸಿ
ನಾಲಿಗೆಗೆ ಇಟ್ಟೆ. ಉಪ್ಪು.
"ಮೀನು ಹೊತ್ತ ಗಾಡಿ, ಬಾಯಮ್ಮ.
ಐಸು ಕರಗಿದ ನೀರು ವರ್ಷಗಟ್ಟಲೆ ಕುಡಿದಿದೆ.
ಹೊರಗೆ ಬಣ್ಣ, ಒಳಗೆ ಹಪ್ಪಳ."
ಗಂಗೊಳ್ಳಿಯವನಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.
ಅಪ್ಪನ ದೋಣಿ ಬಾಯಿಬಿಟ್ಟದ್ದು
ಹೊಸ ಬಣ್ಣ ಬಳಿದ ವರ್ಷವೇ.

"ನೀನು ಗಾಡಿ ನೆಕ್ಕಿ ನೋಡುವವ ಅಂತ ಗೊತ್ತಿದ್ದರೆ
ಗಂಜಿ ತರುತ್ತಿದ್ದೆ ಮಾರಾಯ," ಎಂದು ನಕ್ಕಳು.
ನಗು ಮುಗಿಸದೆಯೇ ಕೇಳಿದಳು,
"ನಿನ್ನದು ಯಾವ ಮಾಡೆಲು?"

ಪಾಸ್‌ಪೋರ್ಟಿನಲ್ಲಿ ಅರವತ್ತೆರಡು.
ಮುಂಬಯಿಯ ಏಜೆಂಟ ಮೂರು ವರ್ಷ ಕೂಡಿಸಿ ಬರೆದ,
ಇಪ್ಪತ್ತೊಂದಾಗದೆ ವೀಸಾ ಇಲ್ಲವೆಂದು.
ಅಮ್ಮನ ಲೆಕ್ಕವೇ ಬೇರೆ:
ರಂಪಣಿ ಬಲೆಗೆ ಬಾಗಿಲಗಲದ ತೊರಕೆ ಬಿದ್ದ ವರ್ಷ,
ಅದನ್ನು ನೋಡಲು ಓಡಿದ ಸೂಲಗಿತ್ತಿ
ತಡವಾಗಿ ಬಂದಳಂತೆ.
ಕಳೆದ ವಾರ ಕಂಪನಿಯ ಕಾಗದ ಬಂತು:
ಅರವತ್ತು ತುಂಬಿತು, ಸೇವೆಗೆ ಧನ್ಯವಾದ.
ಮೂರು ವರ್ಷ ಎಲ್ಲಿ ಹೋಯಿತೆಂದು
ನಾನು ಯಾವ ಬೆಲ್ಟು ಎಳೆದು ತೋರಿಸಲಿ?

ಇಷ್ಟನ್ನೆಲ್ಲ ಹೇಳಲಿಲ್ಲ.
"ಹಳೇದು," ಎಂದೆ. "ಡೀಸೆಲ್ಲು."

ಕೊನೆಯ ಮೂಲೆಯಲ್ಲಿ ಅದು ನಿಂತಿತ್ತು,
ಬಾಗಿಲು ಜಜ್ಜಿದ್ದು, ದೈದಿನ ಸಸಿತೋಟದ ಹೆಸರು
ಅರ್ಧ ಅಳಿಸಿದ್ದು.
ಕಾಗದದಲ್ಲಿ ಹನ್ನೊಂದು,
ಬೆಲ್ಟಿನಲ್ಲಿ ಹತ್ತು, ಕೊನೆಯ ತಿಂಗಳು.
ಅಷ್ಟು ಸುಳ್ಳನ್ನು ಕಾರ್ಖಾನೆಯವರೂ ಹೇಳುತ್ತಾರೆ.
ಕೀಲಿ ತಿರುಗಿಸಿದೆ. ಒಂದೇ ಕೆಮ್ಮು,
ಆಮೇಲೆ ಅಡುಗೆಮನೆಯಲ್ಲಿ ಯಾರೋ
ಬೇಳೆ ಬೇಯಿಸುವಷ್ಟು ಸದ್ದು.
ಹಿಂಬಾಗಿಲ ಸಂದಿಯಲ್ಲಿ ಒಂದು ಹಿಡಿ ಮಣ್ಣು,
ಮಣ್ಣಲ್ಲಿ ಮೂರೆಲೆಯ ಗೋಣಿಸೊಪ್ಪು,
ಯಾರೂ ನೀರು ಹಾಕದೆ.

ಹದಿನೈದೂವರೆಗೆ ಗುಲ್ ಜಮಾನ್
ತನ್ನ ಮಕ್ಕಳ ಆಣೆ ಹಾಕಿ ಇಳಿದ.
ಬಾಯಮ್ಮ ಸೊಪ್ಪು ಕಿತ್ತು ಪರ್ಸಿಗೆ ಹಾಕಿದಳು.
"ಹಾಗಾದರೆ ಒಳ್ಳೇ ವರ್ಷ ಹತ್ತಾ, ಹನ್ನೊಂದಾ?"
ನನ್ನ ಹತ್ತಿರ ಉತ್ತರವಿರಲಿಲ್ಲ.

ಗೇಟು ದಾಟುವಾಗ ಹಿಂದೆಲ್ಲ ಹಾರ್ನು,
ಅವಳು ಇಪ್ಪತ್ತಕ್ಕಿಂತ ಮೇಲೆ ಓಡಿಸಲಿಲ್ಲ.
"ಬೆಲ್ಟು ಹಾಕು," ಎಂದಳು ರಸ್ತೆ ನೋಡುತ್ತಲೇ.
ಎಳೆದೆ. ಅರ್ಧಕ್ಕೆ ಸಿಕ್ಕಿಕೊಂಡಿತು.
ಬಿಟ್ಟೆ.
ಮತ್ತೆ ಎಳೆದೆ, ಮೆಲ್ಲಗೆ.